ಜಗಲಿಯ ಮೇಲಿನ ಸದಸ್ಯರು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪೇಕ್ಷಿಸಿದಾಗ, ಹಳಗನ್ನಡ ವ್ಯಾಕರಣವನ್ನೋ ಕಾವ್ಯಮೀಮಾಂಸೆಯನ್ನೋ ಕುರಿತು ನಾನು ಬರೆಯುವೆನೆಂಬುದು ಅವರ ನಿರೀಕ್ಷೆಯಾಗಿತ್ತು. ಪಾಠಶಾಲೆಯಲ್ಲಿ ಕಾವ್ಯ, ಸಾಹಿತ್ಯ ತರಗತಿಗಳನ್ನು ಮುಗಿಸಿ ವಿದ್ವತ್ ಪರೀಕ್ಷೆಗೆ ಕುಳಿತವನಿಂದ ಬೇರೆ ಏನನ್ನು ತಾನೆ ನಿರೀಕ್ಷಿಸಬಹುದು? ಆದರೆ ಈಚಿನ ಹದಿನೈದು ವರ್ಷಗಳಲ್ಲಿ ನನ್ನ ಮನಸ್ಸನ್ನು ಕೇಶಿರಾಜನಿಗಿಂತ ಹೆಚ್ಚಾಗಿ ಆವರಿಸಿಕೊಂಡದ್ದು ನಮ್ಮ ತಾಲ್ಲೂಕಿನ ಕನ್ನಡ ಅಧ್ಯಾಪಕರ ಸಂಘದ ಶಾಖೆ. ಈ ಶಾಲೆಯ ಉಪಾಧ್ಯಾಯರು ಹಲವರು ಅದರ ಸದಸ್ಯರಾಗಿರುವುದರಿಂದ ಆ ವಿಷಯವನ್ನು ಇಲ್ಲಿ ಬರೆದರೆ ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ನಮ್ಮದು ಆಂಧ್ರದ ಗಡಿಗೆ ತಾಗಿಕೊಂಡ ಒಣ ತಾಲ್ಲೂಕು. ಪೇಟೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಮಸೀದಿಯ ಬೀದಿಯಲ್ಲಿ ಉರ್ದು, ಗುಡ್ಡದ ಸೆರಗಿನ ತಾಂಡಾಗಳಲ್ಲಿ ಲಂಬಾಣಿ, ಗೊಲ್ಲರ ಹಟ್ಟಿಗಳಲ್ಲಿ ಅವರದೇ ರಾಗದ ಕನ್ನಡ. ಇಂಥ ತಾಲ್ಲೂಕಿನಲ್ಲಿ ಕನ್ನಡವನ್ನು ಬೋಧಿಸುವವರೂ ನಾನಾ ಬಗೆಯವರೇ ಆಗಿರುವುದು ಸಹಜವಷ್ಟೆ. ಆದರೆ 2009ರಲ್ಲಿ ಶಾಖೆಯ ಕಾರ್ಯದರ್ಶಿತ್ವವನ್ನು ನಾನು ವಹಿಸಿಕೊಂಡಾಗ ಸದಸ್ಯರ ಪಟ್ಟಿಯನ್ನು ಓದಿದವನಿಗೆ ಇದು ಬೇರೊಂದು ತಾಲ್ಲೂಕೆಂದು ತೋರುತ್ತಿತ್ತು. ಹೆಸರುಗಳೆಲ್ಲ ಪೇಟೆಯ ನಾಲ್ಕು ಬೀದಿಗಳಿಂದ ಬಂದವು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿವೃತ್ತರು. ಮಾಸಿಕ ಸಭೆಗೆ ಬರುತ್ತಿದ್ದವರನ್ನು ಒಂದು ಚಾಪೆಯ ಮೇಲೆ ಕೂರಿಸಬಹುದಾಗಿತ್ತು.

ಕಾರಣವನ್ನು ಹುಡುಕಲು ಬಹುದೂರ ಹೋಗಬೇಕಾಗಿರಲಿಲ್ಲ. ನಿಬಂಧನೆಯ ಪುಸ್ತಕದ ಎರಡನೆಯ ಪುಟದಲ್ಲಿಯೇ ಅದು ಇತ್ತು. 'ಪಂಡಿತ, ವಿದ್ವಾನ್ ಅಥವಾ ತತ್ಸಮಾನ ಪದವಿಯನ್ನು ಪಡೆದು ಪ್ರೌಢಶಾಲೆಯಲ್ಲಿ ಕನ್ನಡವನ್ನು ಬೋಧಿಸತಕ್ಕವರು' ಮಾತ್ರವೇ ಸದಸ್ಯರಾಗಲು ಅರ್ಹರು. ಇದನ್ನು ಬರೆದ ಹಿರಿಯರ ಉದ್ದೇಶ ಕೆಟ್ಟದ್ದಲ್ಲ. ಇಂಗ್ಲಿಷ್ ಮೇಷ್ಟರಿಗೂ ಗಣಿತದ ಮೇಷ್ಟರಿಗೂ ಇದ್ದ ಮರ್ಯಾದೆ ಕನ್ನಡ ಪಂಡಿತರಿಗೆ ಇಲ್ಲದ ಕಾಲದಲ್ಲಿ, ಅವರ ಮಾನವನ್ನು ಕಾಪಾಡಲೆಂದು ಕಟ್ಟಿದ ಬೇಲಿ ಅದು. ಆದರೆ ಬೇಲಿಯೊಳಗಿನ ಬೆಳೆ ಒಣಗಿದ ಮೇಲೆ ಬೇಲಿ ಯಾರನ್ನು ಕಾಯಬೇಕು? ಪಂಡಿತ ಹುದ್ದೆಯ ಹೆಸರೇ ಹೋಗಿ 'ಭಾಷಾ ಶಿಕ್ಷಕ' ಎಂಬ ಹೆಸರು ಬಂದು ಬಹಳ ಕಾಲವಾಗಿತ್ತು. ಹೊಸದಾಗಿ ಬಂದವರು ಬಿ.ಎ., ಬಿ.ಎಡ್. ಮಾಡಿದವರು, ಪ್ರಾಥಮಿಕ ಶಾಲೆಗಳಲ್ಲಿ ಕನ್ನಡದ ಮೊದಲ ಅಕ್ಷರವನ್ನು ತಿದ್ದಿಸುವವರಂತೂ ಲೆಕ್ಕಕ್ಕೇ ಇರಲಿಲ್ಲ, ಉರ್ದು ಶಾಲೆಗಳಲ್ಲಿ ದ್ವಿತೀಯ ಭಾಷೆಯಾಗಿ ಕನ್ನಡವನ್ನು ಕಲಿಸುವವರನ್ನು 'ಅವರು ಉರ್ದು ಶಾಲೆಯವರು' ಎಂದು ಬಿಟ್ಟಿದ್ದರು, ಅತಿಥಿ ಶಿಕ್ಷಕರು ಅತಿಥಿಗಳಾಗಿಯೇ ಉಳಿದಿದ್ದರು.

ನಿಬಂಧನೆಯಲ್ಲಿ ಬರೆದಿರುವುದನ್ನು ತಿದ್ದುವುದು ಸುಲಭ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ನೆಯ ಇಸವಿಯದು. ಅದರ ಪ್ರಕಾರ ಸಭೆ ಕರೆದು, ಸದಸ್ಯರ ಒಪ್ಪಿಗೆ ಪಡೆದು, ತಿದ್ದುಪಡಿಯನ್ನು ನಿಬಂಧಕರ ಕಚೇರಿಗೆ ಸಲ್ಲಿಸಿದರೆ ಕೆಲಸ ಮುಗಿಯಿತು. ಬರೆಯದೆ ಇರುವ ನಿಬಂಧನೆಗಳನ್ನು ತಿದ್ದುವುದೇ ಕಷ್ಟ. ಅವುಗಳ ಪ್ರತಿಯನ್ನು ಯಾವ ಕಚೇರಿಯಲ್ಲಿಯೂ ಇಟ್ಟಿರುವುದಿಲ್ಲ.

ಸಭೆಯ ವೇಳೆಯನ್ನೇ ತೆಗೆದುಕೊಳ್ಳಿ. ಭಾನುವಾರ ಸಂಜೆ ಐದೂವರೆಗೆ ಸೇರುವುದು ವಾಡಿಕೆ. ಉಪನ್ಯಾಸ ಮುಗಿದು, ಚರ್ಚೆ ನಡೆದು, ಎಲೆ ಅಡಿಕೆಯಾಗುವಾಗ ರಾತ್ರಿ ಎಂಟು. ಹಳ್ಳಿಗಳ ಕಡೆಗೆ ಹೊರಡುವ ಕಡೆಯ ಬಸ್ಸು ಏಳಕ್ಕೇ ಹೋಗಿರುತ್ತಿತ್ತು. ಪೇಟೆಯಲ್ಲಿ ಮನೆಯಿಲ್ಲದವನು ಬರುವಂತಿಲ್ಲ. ಹೆಣ್ಣುಮಕ್ಕಳು ಬಂದರೂ ಮಧ್ಯದಲ್ಲಿ ಎದ್ದು ಹೋಗಬೇಕು. ಹಾಗೆ ಎದ್ದು ಹೋದಾಗ 'ಇವರಿಗೆ ಆಸಕ್ತಿಯಿಲ್ಲ' ಎಂಬ ಮಾತು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮಧ್ಯಾಹ್ನ ಹನ್ನೆರಡೂವರೆಗೆ ಸಭೆ ಸೇರಿ ಮೂರಕ್ಕೆ ಮುಗಿಸೋಣವೆಂದು ನಾನು ಸೂಚಿಸಿದಾಗ, ಹಿರಿಯರೊಬ್ಬರು 'ಕಾವ್ಯಗೋಷ್ಠಿಗೆ ಸಂಧ್ಯಾಕಾಲವೇ ಪ್ರಶಸ್ತ' ಎಂದು ನಕ್ಕರು. ಕಾವ್ಯಕ್ಕೆ ಪ್ರಶಸ್ತವಾದ ಕಾಲ ಸಾರಿಗೆ ಸಂಸ್ಥೆಯ ವೇಳಾಪಟ್ಟಿಗೆ ಹೊಂದದಿದ್ದರೆ ಏನು ಮಾಡುವುದು? ಶನಿವಾರವೇ ನಿಂತಿತು. ಮೊದಲ ಶನಿವಾರ ಬಂದ ಮಹಿಳೆಯರ ಸಂಖ್ಯೆಯನ್ನು ಕಂಡು ಅಧ್ಯಕ್ಷರು, 'ಇಷ್ಟೊಂದು ಜನ ನಮ್ಮ ತಾಲ್ಲೂಕಿನಲ್ಲಿ ಕನ್ನಡ ಪಾಠ ಮಾಡುತ್ತಾರೆಯೇ?' ಎಂದು ನನ್ನ ಕಿವಿಯಲ್ಲಿ ಕೇಳಿದರು.

ಬಂದರು, ಆದರೆ ಏನು ಮಾಡಲು ಬಂದರು? ಹಳೆಯ ಆಹ್ವಾನ ಪತ್ರಿಕೆಗಳ ಕಟ್ಟನ್ನು ಬಿಚ್ಚಿ ನೋಡಿದೆ. ಪ್ರಾರ್ಥನೆ: ಶ್ರೀಮತಿ ಇಂಥವರು. ಸ್ವಾಗತ: ಶ್ರೀಮತಿ ಇಂಥವರು. ವಂದನಾರ್ಪಣೆ: ಶ್ರೀಮತಿ ಇಂಥವರು. ಉಪನ್ಯಾಸ, ಅಧ್ಯಕ್ಷತೆ, ಸಮಾರೋಪ ಎಂಬಲ್ಲೆಲ್ಲ ಶ್ರೀಯುತರು. ಇದು ನಮ್ಮ ಸಣ್ಣ ಶಾಖೆಯೊಂದರ ಅಭ್ಯಾಸವಾಗಿರಲಿಲ್ಲವೆಂಬುದನ್ನು ವಾಚಕರು ಬಲ್ಲರು. ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪಿತವಾದದ್ದು 1915ರಲ್ಲಿ. ಮಹಿಳೆಯೊಬ್ಬರು ಅದರ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಏರಿದ್ದು 1974ರಲ್ಲಿ, ಮಂಡ್ಯದಲ್ಲಿ. ಸೊಲ್ಲಾಪುರದಂಥ ಮರಾಠಿ ನೆಲದಲ್ಲಿ ಕನ್ನಡದ ದೀಪವನ್ನು ಹಿಡಿದಿದ್ದ ಜಯದೇವಿತಾಯಿ ಲಿಗಾಡೆಯವರು ಆ ಮಹನೀಯೆ. ಎರಡನೆಯವರಾದ ಶಾಂತಾದೇವಿ ಮಾಳವಾಡರಿಗಾಗಿ 2000ದ ಬಾಗಲಕೋಟೆ ಸಮ್ಮೇಳನದವರೆಗೆ ಕಾಯಬೇಕಾಯಿತು. ಆಮೇಲೆ 2003ರಲ್ಲಿ ಮೂಡುಬಿದಿರೆಯಲ್ಲಿ ಕಮಲಾ ಹಂಪನಾ, 2010ರಲ್ಲಿ ಗದಗಿನಲ್ಲಿ ಗೀತಾ ನಾಗಭೂಷಣ. 2024ರ ಡಿಸೆಂಬರಿನಲ್ಲಿ ಮತ್ತೆ ಮಂಡ್ಯದಲ್ಲಿಯೇ ನಡೆದದ್ದು 87ನೆಯ ಸಮ್ಮೇಳನ. ಆ ಎಂಬತ್ತೇಳರಲ್ಲಿ ನಾಲ್ಕು. 2025ರಲ್ಲಿ ಬಾನು ಮುಷ್ತಾಕ್ ಅವರನ್ನು ಮುಂದಿನ ಸಮ್ಮೇಳನಕ್ಕೆ ಆರಿಸಿದ ಸುದ್ದಿಯನ್ನು ನಮ್ಮ ಸಭೆಯಲ್ಲಿ ಓದಿ ಹೇಳಿದಾಗ ಹಿಂದಿನ ಸಾಲಿನಿಂದ ಚಪ್ಪಾಳೆ ಮೊದಲು ಬಂದಿತು. ಮುಂದಿನ ಸಾಲಿನವರು ಸ್ವಲ್ಪ ತಡೆದು ಸೇರಿಕೊಂಡರು.

ನಮ್ಮಲ್ಲಿಯ ಸಂಗತಿಗೆ ಬರುತ್ತೇನೆ. ಸರ್ಕಾರಿ ಪ್ರೌಢಶಾಲೆಯ ಹಿರಿಯ ಅಧ್ಯಾಪಕಿಯೊಬ್ಬರು ಒಂದು ದಿನ ನನ್ನನ್ನು ತಡೆದು ಹೇಳಿದರು: "ಪಂಡಿತರೇ, ಈ ಸಂಘದಲ್ಲಿ ಇಪ್ಪತ್ತೆರಡು ವರ್ಷ ಪ್ರಾರ್ಥನೆ ಹಾಡಿದ್ದೇನೆ. ದೇವರಿಗೂ ನನ್ನ ದನಿ ಕೇಳಿ ಬೇಸರವಾಗಿರಬೇಕು. ಒಮ್ಮೆ ಮುಕ್ಕಾಲು ಗಂಟೆ ಮಾತಾಡುವುದಕ್ಕೆ ಅವಕಾಶ ಮಾಡಿಕೊಡಿ." ಕಾರ್ಯಕಾರಿ ಸಮಿತಿಯವರು ಸಂತೋಷದಿಂದಲೇ ಒಪ್ಪಿ, 'ಕನ್ನಡ ಕಾವ್ಯದಲ್ಲಿ ಸ್ತ್ರೀ' ಎಂಬ ವಿಷಯವನ್ನು ತಾವಾಗಿಯೇ ನಿಗದಿ ಮಾಡಿದರು. ಆಕೆ ಅದನ್ನು ನಯವಾಗಿ ನಿರಾಕರಿಸಿ ಶಬ್ದಮಣಿದರ್ಪಣದ ಶಿಥಿಲದ್ವಿತ್ವವನ್ನು ಆರಿಸಿಕೊಂಡರು. ಒತ್ತಕ್ಷರ ಮುಂದಿದ್ದರೂ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ಉಳಿಯುವ ಈ ವಿಲಕ್ಷಣ ನಿಯಮವನ್ನು ನಾವೆಲ್ಲ ಸೂತ್ರ ಕಂಠಪಾಠ ಮಾಡಿ ತೇರ್ಗಡೆಯಾದವರು. ಆಕೆಯಾದರೋ ಪ್ರಾರ್ಥನೆ ಹಾಡಿ ಪಳಗಿದ ಕಂಠದಿಂದ ಕಂದಪದ್ಯಗಳನ್ನು ಓದಿ, ನಾಲಗೆ ಎಲ್ಲಿ ತೇಲಿಸಿ ನುಡಿಯುತ್ತದೆ, ಎಲ್ಲಿ ಒತ್ತಿ ನುಡಿಯುತ್ತದೆ ಎಂಬುದನ್ನು ಕಿವಿಗೆ ಮುಟ್ಟಿಸಿದರು. ಮುಕ್ಕಾಲು ಗಂಟೆ ಒಂದೂವರೆ ಗಂಟೆಯಾಯಿತು. ಆ ದಿನ ಪ್ರಾರ್ಥನೆಯನ್ನು ಹಾಡಿದವರು ನಮ್ಮ ಖಜಾಂಚಿಗಳು. ಅದರ ಬಗೆಗೆ ಹೆಚ್ಚು ಹೇಳದಿರುವುದೇ ಲೇಸು.

ಇನ್ನು ಅತ್ಯಂತ ಕಷ್ಟದ ವಿಷಯ. ನಮ್ಮ ಸಭೆಗಳು ನಡೆಯುತ್ತಿದ್ದದ್ದು ನಿವೃತ್ತ ಪಂಡಿತರೊಬ್ಬರ ಮನೆಯ ಪಡಸಾಲೆಯಲ್ಲಿ. ಅವರು ನನ್ನ ಗುರುಗಳು. ಸೂತ್ರವೊಂದನ್ನು ವಿವರಿಸಲು ತೊಡಗಿದರೆ ಹೊತ್ತಿನ ಪರಿವೆ ಇಲ್ಲದವರು. ಶಿಷ್ಯರಿಂದ ಒಂದು ಕಾಸನ್ನೂ ಮುಟ್ಟದವರು. ಸಂಘಕ್ಕೆ ಸ್ವಂತ ಕಟ್ಟಡವಿಲ್ಲದಿದ್ದಾಗ ತಮ್ಮ ಮನೆಯನ್ನೇ ಬಿಟ್ಟುಕೊಟ್ಟ ಔದಾರ್ಯ ಅವರದು. ಆದರೆ ಆ ಪಡಸಾಲೆಯ ಹೊಸ್ತಿಲನ್ನು ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು ದಾಟುತ್ತಿರಲಿಲ್ಲ. ಪರಿಶಿಷ್ಟ ಜಾತಿಯ ಇಬ್ಬರು ಉಪಾಧ್ಯಾಯರು, ಪದವಿಯಲ್ಲಿಯೂ ಬೋಧನೆಯಲ್ಲಿಯೂ ಯಾರಿಗೂ ಕಡಮೆಯಿಲ್ಲದವರು, ಜಗಲಿಯ ಮೇಲೆ ಕುಳಿತು ಕಿಟಕಿಯ ಮೂಲಕ ಉಪನ್ಯಾಸವನ್ನು ಕೇಳುತ್ತಿದ್ದರು. ಒಳಗೆ ಬರಬೇಡಿರೆಂದು ಯಾರೂ ಹೇಳಿರಲಿಲ್ಲ. ಬನ್ನಿರೆಂದೂ ಯಾರೂ ಹೇಳಿರಲಿಲ್ಲ. ಹಾಜರಿ ಪುಸ್ತಕ ಮಾತ್ರ ಜಗಲಿಗೆ ಹೋಗಿ ಅವರ ರುಜುವನ್ನು ಪಡೆದು ಹಿಂದಿರುಗುತ್ತಿತ್ತು. ವರ್ಷದ ವರದಿಯಲ್ಲಿ ಅವರೂ 'ಹಾಜರಿದ್ದ ಸದಸ್ಯರು'.

ನಾನು ಕಾರ್ಯದರ್ಶಿಯಾದ ಮೂರನೆಯ ತಿಂಗಳಲ್ಲಿ ಸಭೆಗಳನ್ನು ಸರ್ಕಾರಿ ಶಾಲೆಯ ಕೊಠಡಿಗೆ ವರ್ಗಾಯಿಸಬೇಕೆಂಬ ಸೂಚನೆಯನ್ನು ಮಂಡಿಸಿದೆ. ಕಾರಣವನ್ನು ಮುಚ್ಚಿಡಲಿಲ್ಲ. ಸ್ಥಳ ಸಾಲದು, ಬೆಳಕು ಸಾಲದು ಎಂದು ನೆಪ ಹೇಳಿದ್ದರೆ ಎಲ್ಲವೂ ಸುಸೂತ್ರವಾಗಿ ಮುಗಿಯುತ್ತಿತ್ತೆಂದು ಸ್ನೇಹಿತರು ಈಗಲೂ ಹೇಳುತ್ತಾರೆ. ಆದರೆ ನೆಪವನ್ನು ಹೇಳಿದ್ದರೆ ಜಗಲಿಯ ಮೇಲೆ ಕುಳಿತಿದ್ದವರ ಸಂಗತಿ ನಡಾವಳಿ ಪುಸ್ತಕದಲ್ಲಿ ಎಂದೆಂದಿಗೂ ಬರುತ್ತಿರಲಿಲ್ಲ. ಆ ರಾತ್ರಿ ಗುರುಗಳ ಮನೆಗೆ ಹೋದೆ. ಅವರು ದೀಪದ ಕೆಳಗೆ ಪುಸ್ತಕ ತೆರೆದುಕೊಂಡಿದ್ದರು.

"ನನ್ನ ಮನೆಗೆ ನಾನು ಯಾರನ್ನು ಬೇಡವೆಂದಿದ್ದೇನೆ, ಹೇಳಪ್ಪ."

"ಯಾರನ್ನೂ ಇಲ್ಲ, ಗುರುಗಳೇ."

"ಮತ್ತೆ?"

"ಅವರು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ತಾವೂ ಕೇಳಲಿಲ್ಲ."

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಊಟ ಮಾಡಿಕೊಂಡು ಹೋಗು" ಎಂದರು. ಊಟ ಮಾಡಿಕೊಂಡು ಬಂದೆ. ಆದರೆ ಶಾಲೆಯ ಸಭೆಗೆ ಅವರು ಒಮ್ಮೆಯೂ ಬರಲಿಲ್ಲ. ಪ್ರತಿ ತಿಂಗಳೂ ಸಭೆಯಾದ ಎರಡು ಮೂರು ದಿನಕ್ಕೆ ಅವರಿಂದ ಕಾರ್ಡು ಬರುತ್ತಿತ್ತು. ಉಪನ್ಯಾಸದ ವಿಷಯವನ್ನು ಯಾರಿಂದಲೋ ಕೇಳಿ ತಿಳಿದು, ಅದರಲ್ಲಿ ಎರಡು ಪ್ರಶ್ನೆ, ಒಂದು ಆಕ್ಷೇಪ. ಅವನ್ನು ಸಭೆಯಲ್ಲಿ ಓದುತ್ತಿದ್ದೆವು. ಒಮ್ಮೆ ಅವರ ಆಕ್ಷೇಪಕ್ಕೆ ಜಗಲಿಯ ಇಬ್ಬರಲ್ಲಿ ಒಬ್ಬರು ಸುದೀರ್ಘವಾದ ಉತ್ತರವನ್ನು ಬರೆದು ಕಳುಹಿಸಿದರು. ಅದಕ್ಕೆ ಗುರುಗಳು 'ಸಮಾಧಾನ ಯುಕ್ತವಾಗಿದೆ' ಎಂದು ಮರುಟಪಾಲಿನಲ್ಲಿ ಬರೆದರು. ಅಷ್ಟೆ. 2017ರಲ್ಲಿ ಅವರು ತೀರಿಕೊಂಡರು. ನಾನು ಆ ಮನೆಗೆ ಮೊದಲಿನಂತೆ ದಿನವೂ ಹೋಗುವುದು ಆ ರಾತ್ರಿಯಿಂದಲೇ ನಿಂತಿತ್ತು. ಈ ಬಗೆಯ ಕೆಲಸದಲ್ಲಿ ಎಲ್ಲರೂ ಕೊನೆಗೆ ಕೈ ಕೈ ಹಿಡಿದು ನಿಲ್ಲುತ್ತಾರೆಂದು ಬರೆಯುವವರನ್ನು ಕಂಡರೆ ನನಗೆ ಅಚ್ಚರಿಯಾಗುತ್ತದೆ.

ಆಗ ಕೇಳಿಬಂದ ಮುಖ್ಯವಾದ ಆಕ್ಷೇಪ ಜಾತಿಯದಲ್ಲ, 'ಮಟ್ಟ'ದ್ದು. ಎಲ್ಲರನ್ನೂ ಸೇರಿಸಿಕೊಂಡರೆ ವಿದ್ವತ್ತಿನ ಮಟ್ಟ ಇಳಿಯುತ್ತದೆಂಬುದು. ಈ ಮಾತನ್ನು ಕೇವಲ ದುರಭಿಮಾನವೆಂದು ತಳ್ಳಿಹಾಕಲಾರೆ. ನಾನೂ ಮಟ್ಟವನ್ನು ನಂಬಿದವನು; ಳಕಾರ ಲಕಾರಗಳನ್ನು ಕದಲಿಸಿ ಬರೆದರೆ ಈಗಲೂ ನನ್ನ ಕೆಂಪು ಲೇಖನಿ ಸುಮ್ಮನಿರುವುದಿಲ್ಲ. ಆದರೆ ಮಟ್ಟವೆಂಬುದು ಸಭೆಯಲ್ಲಿ ಏನು ನಡೆಯುತ್ತದೆಂಬುದರಿಂದ ನಿಲ್ಲತಕ್ಕದ್ದೇ ಹೊರತು ಬಾಗಿಲಲ್ಲಿ ಯಾರನ್ನು ತಡೆದೆವೆಂಬುದರಿಂದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕಾರನು ಕನ್ನಡಗಳು ಒಂದಲ್ಲ, ಹಲವು. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷವನ್ನೆಲ್ಲ ಎಣಿಸಹೊರಟರೆ ವಾಸುಕಿಯೂ ಬೇಸರಗೊಂಡಾನು ಎಂಬ ಅಭಿಪ್ರಾಯವನ್ನು ಹೇಳಿದ್ದಾನೆ. ಸಾವಿರ ನಾಲಗೆಯ ಹಾವಿಗೆ ಆಗದ ಕೆಲಸವನ್ನು ನಮ್ಮ ಶಾಖೆಯ ಏಳು ಮಂದಿ ಸಮಿತಿ ಸದಸ್ಯರು ಕೈಗೆತ್ತಿಕೊಂಡಿದ್ದರು. ಇನ್ನೊಂದು ಮಾತು. ಬಾಗಿಲು ಮುಚ್ಚಿದರೆ ಹೊರಗಿನವರು ಹೊರಗೇ ನಿಂತಿರುತ್ತಾರೆಂಬ ಭರವಸೆಯೂ ಇಲ್ಲ. 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆಂದು ಗೋಷ್ಠಿಯೊಂದನ್ನು ಕೇಳಿದವರಿಗೆ ಅದು ದೊರೆಯದೆ ಹೋದಾಗ, ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನೆರೆಯಿತು. ಕೇಳಿದ್ದು ಒಂದು ಗೋಷ್ಠಿ. ಹುಟ್ಟಿದ್ದು ಒಂದು ಚಳವಳಿ. ಅದರಿಂದ ಕನ್ನಡಕ್ಕೆ ಲಾಭವೇ ಆಯಿತು. 2015ರಲ್ಲಿ ಶ್ರವಣಬೆಳಗೊಳದ ಸಮ್ಮೇಳನಕ್ಕೆ ಸಿದ್ಧಲಿಂಗಯ್ಯನವರೇ ಅಧ್ಯಕ್ಷರಾದರು. ನಡುವೆ ಹೋದದ್ದು ಮೂವತ್ತಾರು ವರ್ಷ.

ಉರ್ದು ಶಾಲೆಯ ಉಪಾಧ್ಯಾಯಿನಿಯರು ಸೇರಿದ ಮೇಲೆ ನಮಗೆ ತಿಳಿದುಬಂದ ಸಂಗತಿಯೊಂದನ್ನು ಹೇಳಬೇಕು. ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆಗೆ 'ಸಿರಿ ಕನ್ನಡ', ದ್ವಿತೀಯ ಭಾಷೆಗೆ 'ತಿಳಿ ಕನ್ನಡ' ಎಂಬ ಪಠ್ಯಪುಸ್ತಕಗಳಿದ್ದವು. ನಮ್ಮ ಪಂಡಿತವರ್ಗದಲ್ಲಿ ಎರಡನೆಯದನ್ನು ತೆರೆದು ನೋಡಿದವರೇ ವಿರಳ. ಮನೆಯಲ್ಲಿ ಕನ್ನಡವಿಲ್ಲದ ಮಗುವಿಗೆ ವಿಭಕ್ತಿಯನ್ನು ಹೇಗೆ ಕಲಿಸಬೇಕೆಂಬುದು ಆ ಉಪಾಧ್ಯಾಯಿನಿಯರಿಗೆ ತಿಳಿದಿತ್ತು, ನಮಗೆ ತಿಳಿದಿರಲಿಲ್ಲ. ನಾವು ವಿಭಕ್ತಿಯ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತೇವೆ. ಅವರು 'ಅಂಗಡಿಗೆ', 'ಅಂಗಡಿಯಿಂದ', 'ಅಂಗಡಿಯಲ್ಲಿ' ಎಂದು ಮಕ್ಕಳನ್ನು ತರಗತಿಯೊಳಗೆ ನಡೆಸಿ ತೋರಿಸುತ್ತಾರೆ. ನಮ್ಮ ತಾಲ್ಲೂಕಿನ ಅರ್ಧ ಮಕ್ಕಳ ಮನೆಮಾತು ತೆಲುಗು, ಲಂಬಾಣಿಗಳಾಗಿರುವಾಗ ಈ ವಿದ್ಯೆ ಯಾರಿಗೆ ಬೇಡ?

ಅಂಧ ಉಪಾಧ್ಯಾಯರೊಬ್ಬರು ಸದಸ್ಯರಾದದ್ದು 2013ರಲ್ಲಿ. ಅವರಿಗೆ ಇಳಿಜಾರು ಬೇಕೋ ಕುರ್ಚಿ ಬೇಕೋ ಎಂದು ನಾವೆಲ್ಲ ತವಕಪಡುತ್ತಿದ್ದರೆ ಅವರು ಕೇಳಿದ್ದು ಬಹಳ ಸಣ್ಣದನ್ನು: ಸಭೆಯ ಸುತ್ತೋಲೆಯನ್ನು ಚಿತ್ರವಾಗಿ ಕಳುಹಿಸಬಾರದು. ದೂರವಾಣಿ ಯಂತ್ರ ಅಕ್ಷರಗಳನ್ನು ಓದಿ ಹೇಳುತ್ತದೆ. ಆದರೆ ಕಾಗದದ ಛಾಯಾಚಿತ್ರವನ್ನು ಕಳುಹಿಸಿದರೆ ಅದು ಮೂಕವಾಗುತ್ತದೆ. ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ್ದನ್ನು ಕಳುಹಿಸಿದರೂ ಯಂತ್ರ ಏನೇನನ್ನೋ ಒದರುತ್ತದೆ, ಯೂನಿಕೋಡಿನಲ್ಲಿ ಮಾಡಬೇಕು. ಖರ್ಚು ಒಂದು ಪೈಸೆಯೂ ಇಲ್ಲ. ನಾನು ಅದನ್ನು ಕಲಿಯಲು ಒಂದು ಬೇಸಗೆ ರಜವನ್ನೇ ಕಳೆದೆ.

ಪ್ರತಿಯಾಗಿ ಅವರು ನಮಗೆ ಕೊಟ್ಟದ್ದು ಒಂದು ಮಧ್ಯಾಹ್ನದ ಬ್ರೈಲ್ ಪಾಠ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಈ ಲಿಪಿ, ಭಾರತಿ ಬ್ರೈಲ್, ಅಂಗೀಕೃತವಾದದ್ದು 1951ರಲ್ಲಿ. ಆರೇ ಚುಕ್ಕೆ. ಅದರಲ್ಲಿ ಗುಣಿತಾಕ್ಷರವೆಂಬ ಬೇರೆ ಆಕಾರವಿಲ್ಲ. 'ಕಿ' ಎಂದು ಬರೆಯಬೇಕಾದರೆ ಕಕಾರವನ್ನು ಬರೆದು ಮುಂದೆ ಇಕಾರವನ್ನೇ ಬರೆಯುತ್ತಾರೆ. ಒತ್ತಕ್ಷರದ್ದು ಇನ್ನೂ ಸ್ವಾರಸ್ಯ. ನಾವು ಒತ್ತನ್ನು ಅಕ್ಷರದ ಕೆಳಗೆ ತೂಗುಹಾಕುತ್ತೇವೆ; ಬೆರಳಿಗೆ ಕೆಳಗು ಮೇಲು ಇಲ್ಲದ್ದರಿಂದ ಅಲ್ಲಿ ಎಲ್ಲವೂ ಒಂದೇ ಸಾಲು, ಮತ್ತು ಅರ್ಧಾಕ್ಷರದ ಚುಕ್ಕೆ ಅಕ್ಷರಕ್ಕೆ ಮೊದಲೇ ಬರುತ್ತದೆ. 'ಮುಂದೆ ಒತ್ತಿದೆ, ಎಚ್ಚರ ಎಂದು ಬೆರಳಿಗೆ ಮೊದಲೇ ಹೇಳಿಬಿಡುತ್ತೆ, ಮೇಷ್ಟ್ರೇ' ಎಂದರು. ಸಂಯುಕ್ತಾಕ್ಷರವನ್ನು ಮೂವತ್ತು ವರ್ಷ ಬೋಧಿಸಿದ್ದ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯೊಬ್ಬರು ತಮ್ಮ ತರಗತಿಯಲ್ಲಿ ಮರುದಿನವೇ ಇದನ್ನು ಪ್ರಯೋಗಿಸಿದರು. ಒತ್ತು ಬರುವ ಮೊದಲೇ ಮಕ್ಕಳಿಂದ ಚಪ್ಪಾಳೆ ತಟ್ಟಿಸುವುದು.

ಚಂದಾ, ಉಪಾಹಾರ ಮುಂತಾದವನ್ನು ವಿಸ್ತರಿಸುವುದಿಲ್ಲ. ಅತಿಥಿ ಶಿಕ್ಷಕರಿಗೆ ಗೌರವಧನ ಬರುವುದೇ ತಡವಾಗಿ, ರಜದ ತಿಂಗಳುಗಳಲ್ಲಿ ಅದೂ ಇಲ್ಲ. ಆದಕಾರಣ ಅವರ ಚಂದಾವನ್ನು ಅರ್ಧಕ್ಕಿಳಿಸಿ, ಬಂದಾಗ ಕೊಡಿರೆಂದೆವು. ಉಪ್ಪಿಟ್ಟು ಚಹಾಗಳನ್ನು ಶಾಲೆಯ ಬಿಸಿಯೂಟದ ಅಡುಗೆಯವರು ಮಾಡುತ್ತಾರೆ. ತಟ್ಟೆಯನ್ನು ತಿಂದವರೇ ತೊಳೆಯುತ್ತಾರೆ. ಅಧ್ಯಕ್ಷರು ಸೇರಿ. ಮೊದಲ ಎರಡು ತಿಂಗಳು ಕೆಲವರಿಗೆ ಹಸಿವಿರುತ್ತಿರಲಿಲ್ಲ. ಆಮೇಲೆ ಹಸಿವಾಯಿತು.

ಈಗ ನಮ್ಮ ಕೈಯಲ್ಲಿರುವ ಕೆಲಸ ತಾಲ್ಲೂಕಿನ ಪದಕೋಶ. ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರವರೆಗೆ ಹೊರಬಂದುವು; ಅವುಗಳನ್ನು ಎದುರಿಗಿಟ್ಟುಕೊಂಡು ನಮ್ಮ ಕಡೆಯ ಬೇಸಾಯ, ಕುರಿ, ಮಗ್ಗ, ಮಳೆಗಳಿಗೆ ಸೇರಿದ ಮಾತುಗಳಲ್ಲಿ ಅಲ್ಲಿ ಸಿಗದವುಗಳನ್ನು ಸದಸ್ಯರು ಚೀಟಿಗಳಲ್ಲಿ ಬರೆದು ತರುತ್ತಾರೆ. ಹಳೆಯ ನಿಬಂಧನೆಯಿದ್ದಿದ್ದರೆ ಈ ಕೆಲಸ ಪೇಟೆಯ ನಾಲ್ಕು ಬೀದಿಯ ಮಾತಿನಲ್ಲಿಯೇ ಮುಗಿಯುತ್ತಿತ್ತು. ಹಟ್ಟಿಯ ಉಪಾಧ್ಯಾಯರು ಕುರಿಯ ಬಣ್ಣಗಳಿಗೇ ಒಂದು ಕಟ್ಟು ಚೀಟಿ ತಂದಿದ್ದಾರೆ. ತಾಂಡಾದ ತರುಣ ಉಪಾಧ್ಯಾಯರು ಲಂಬಾಣಿಯಿಂದ ನಮ್ಮ ಭಾಗದ ಕನ್ನಡಕ್ಕೆ ಇಳಿದ ಮಾತುಗಳನ್ನು ಸಂಗ್ರಹಿಸುತ್ತಿದ್ದಾರೆ. ಆ ಭಾಷೆಗೆ ಸ್ವಂತ ಲಿಪಿಯಿಲ್ಲದ ಕಾರಣ ಕನ್ನಡ ಲಿಪಿಯಲ್ಲಿಯೇ ಬರೆಯುತ್ತಾರೆ. ಕೆಲವು ಧ್ವನಿಗಳಿಗೆ ನಮ್ಮ ವರ್ಣಮಾಲೆಯಲ್ಲಿ ಸರಿಯಾದ ಅಕ್ಷರ ಸಾಲದೆ ಚೀಟಿಯ ಅಂಚಿನಲ್ಲಿ ತಾವೇ ಗುರುತು ಹಾಕಿಕೊಂಡಿದ್ದಾರೆ.

ಈ ಪದಗಳನ್ನು ಅಕಾರಾದಿಯಲ್ಲಿ ಉಳಿದವುಗಳೊಡನೆ ಬೆರೆಸಿ ಮುದ್ರಿಸಬೇಕೆಂಬುದು ನನ್ನ ವಾದ. ಬೇರೆ ಮಾಡಿ ಹಿಂದೆ ಅನುಬಂಧವಾಗಿ ಹಾಕುವುದು ಮತ್ತೊಂದು ಜಗಲಿಯಲ್ಲದೆ ಮತ್ತೇನು ಎಂದು ಸಭೆಯಲ್ಲಿ ಆವೇಶದಿಂದಲೇ ಮಾತನಾಡಿದೆ. ಆದರೆ ಅನುಬಂಧವೇ ಬೇಕೆನ್ನುತ್ತಿರುವವರು ಆ ತರುಣರೇ. "ಬೆರೆಸಿದರೆ ನಮ್ಮವು ಯಾವುವು ಅಂತ ಗೊತ್ತಾಗದೆ ಹೋಗುತ್ತವೆ, ಮೇಷ್ಟ್ರೇ. ನಮ್ಮ ಮಕ್ಕಳು ಪುಸ್ತಕ ತೆಗೆದು, ಇಷ್ಟು ಪುಟ ನಮ್ಮದು ಅಂತ ಎಣಿಸಬೇಕು." ಶಿಥಿಲದ್ವಿತ್ವದ ಉಪನ್ಯಾಸಕಿಯವರು ಈಗ ನಮ್ಮ ಅಧ್ಯಕ್ಷರು; ಅವರು ಯಾರ ಪಕ್ಷವನ್ನೂ ವಹಿಸದೆ, ಒಂದೇ ನೂರು ಪದಗಳನ್ನು ಎರಡು ಬಗೆಯಲ್ಲಿಯೂ ಜೋಡಿಸಿ, ಅಚ್ಚಿನ ಎರಡು ಹಾಳೆಗಳನ್ನು ಮುಂದಿನ ಸಭೆಗೆ ತರಬೇಕೆಂದು ನಮ್ಮಿಬ್ಬರಿಗೂ ಅಪ್ಪಣೆ ಮಾಡಿದ್ದಾರೆ. ನನ್ನ ಹಾಳೆ ಸಿದ್ಧವಾಗಿದೆ. ಅವರದನ್ನು ಇನ್ನೂ ನೋಡಿಲ್ಲ.